ಗ್ರೂಪಿನಲ್ಲಿ ಬೈದರೆ ಕೆನಲ್ ಸ್ವಚ್ಛ ಆಗುವುದಿಲ್ಲ

ಪ್ರಾಣಿಗಳ ಶೆಲ್ಟರ್‌ಗಳಿಂದ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುವ ಜಗಳಗಳು ಹೆಚ್ಚುಕಡಿಮೆ ಒಂದೇ ಥರ. ಕೆಲಸದವರು ಹೇಳಿದ್ದು ಕೇಳಲ್ಲ ಅಂತ ಡಾಕ್ಟರು. ನಮ್ಮ ಮಾತಿಗೆ ಬೆಲೆಯೇ ಇಲ್ಲ ಅಂತ ಕೆಲಸದವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಗುರುತು ಬದಲಿಸಿದ್ದೇನೆ.

ಬಸಣ್ಣ ಬೆಂಗಳೂರಿನ ಹೊರವಲಯದ ಒಂದು ಶೆಲ್ಟರ್‌ನಲ್ಲಿ ನಾಯಿಗಳನ್ನಿಡುವ ಕೆನಲ್ ನೋಡಿಕೊಳ್ಳುತ್ತಾರೆ. ನಾಯಿಮರಿಗಳಿಗೆ ವಾಂತಿ-ಭೇದಿ ತರುವ ಪಾರ್ವೋ ರೋಗ ಬಂದು ಕೆಲವು ಮರಿಗಳು ಸತ್ತವು. 'ಬ್ಲೀಚ್ ಹಾಕಿ ಅಂದರೆ ಫಿನೈಲ್ ಹಾಕಿದ್ದೀರಿ' ಅಂತ ಡಾಕ್ಟರಮ್ಮ ವಾಟ್ಸಾಪ್ ಗ್ರೂಪಿನಲ್ಲೇ ಬೈದರು. ಬಸಣ್ಣ ಕೆಲಸ ಬಿಡಲು ಹೊರಟರು.

ಡಾಕ್ಟರ್ ಹೇಳಿದ್ದು ಸರಿಯೇ. ಪಾರ್ವೋ ವೈರಸ್ ಫಿನೈಲಿಗೆ ಜಗ್ಗುವುದಿಲ್ಲ. ಚಪ್ಪಲಿ, ಬಕೆಟ್ಟು, ಪೊರಕೆಗೆ ಅಂಟಿಕೊಂಡು ಪಕ್ಕದ ಕೆನಲ್‌ಗೆ ಹೋಗುತ್ತದೆ, ತಿಂಗಳುಗಟ್ಟಲೆ ಉಳಿಯುತ್ತದೆ. ಆದರೆ ಬ್ಲೀಚಿನ ಸೂಚನೆ ಬಂದಿದ್ದು ಇಂಗ್ಲಿಷಿನಲ್ಲಿ. ಬಸಣ್ಣನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

ಇಬ್ಬರನ್ನೂ ಕೂರಿಸಿಕೊಂಡ ದಿನ ಡಾಕ್ಟರಮ್ಮನೇ ಜಾಸ್ತಿ ಮಾತಾಡಿದರು. ನಾನು ಬಸಣ್ಣನ ಕಡೆ ತಿರುಗಿ, "ಮರಿಗಳು ಸತ್ತ ದಿನ ನೀವೇನು ಮಾಡಿದಿರಿ?" ಅಂದೆ.

"ಗುಂಡಿ ತೋಡಿದೆ ಮೇಡಂ. ಇವರೆಲ್ಲ ಗ್ರೂಪ್‌ನಾಗ ಕೈಮುಗಿಯೋ ಚಿತ್ರ ಹಾಕಿದ್ರು. ಹೂಳಿದಾವ ನಾನು. ಸಿರಿಂಜಿನಾಗ ಹಾಲು ಕುಡಿಸಿದಾವನೂ ನಾನ. ಮೊದಲ ದಿನಾನೇ ಮರಿ ಮಂಕಾಗ್ಯಾವ ಅಂದಿದ್ದೆ. ಆಮೇಲೆ ನೋಡ್ತೀನಿ ಅಂದ್ರು. ಕಡೀಗೆ ಕೊಂದಾವನೂ ನಾನ ಆದೆ."

ಡಾಕ್ಟರಮ್ಮ ಥಟ್ಟನೆ, "ಕೊಂದೆ ಅಂತ ನಾನು ಅನ್ನಲಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅವತ್ತು ಬೆಳಗ್ಗೆಯಿಂದ ಸಂತಾನಹರಣ ಆಪರೇಷನ್‌ಗಳು. ಮಂಕು ಅಂದರೆ ಏನು ಅಂತ ಕೇಳುವಷ್ಟೂ ಪುರುಸೊತ್ತು ಇರಲಿಲ್ಲ" ಅಂದರು.

ಕ್ಷಮೆ ಕೇಳಿ ಅಂತ ನಾನು ಇಬ್ಬರಿಗೂ ಹೇಳಲಿಲ್ಲ. ಬಾಯಿಮಾತಿನ ಕ್ಷಮೆ ಮುಂದಿನ ಪಾರ್ವೋ ಬರುವವರೆಗೆ ಅಷ್ಟೇ. ಬಸಣ್ಣನಿಗೆ ಹೇಳಿದ್ದು: 'ಮಂಕು' ಅಂತ ನಿಲ್ಲಿಸಬೇಡಿ. ಯಾವ ಕೆನಲ್, ಯಾವಾಗಿಂದ ತಿಂದಿಲ್ಲ, ಎಷ್ಟು ಸಲ ವಾಂತಿ, ಭೇದಿಯಲ್ಲಿ ರಕ್ತ ಇದೆಯಾ, ಅಷ್ಟನ್ನೂ ಹೇಳಿ. ಅರ್ಥವಾಗದ ಮೆಸೇಜ್ ಬಂದರೆ ಸುಮ್ಮನಿರಬೇಡಿ, ಕೇಳಿ. ಡಾಕ್ಟರಿಗೆ ಹೇಳಿದ್ದು: ಸೂಚನೆ ಕನ್ನಡದಲ್ಲಿ, ಬೋರ್ಡಿನ ಮೇಲೆ ಇರಲಿ. ಬ್ಲೀಚ್ ಎಷ್ಟು, ನೀರು ಎಷ್ಟು ಅಂತ ಮಗ್ಗಿನ ಲೆಕ್ಕದಲ್ಲಿ ಬರೆಯಿರಿ. ತಪ್ಪನ್ನು ಗ್ರೂಪಿನಲ್ಲಿ ಆಡಬೇಡಿ, ಎದುರು ಕೂತು ಹೇಳಿ. ಶಿಫ್ಟ್ ಬದಲಾಗುವಾಗ ಐದು ನಿಮಿಷ ಬಾಯಲ್ಲಿ ಮಾತು. ಪ್ರಾಣಿ ಸತ್ತರೆ ಅದನ್ನು ನೋಡಿಕೊಂಡ ಕೆಲಸದವರಿಗೆ ಮೊದಲು ಸುದ್ದಿ, ಗ್ರೂಪಿಗೆ ಆಮೇಲೆ.

ಇದು ಮ್ಯಾನೇಜರ್ ಕೆಲಸ, ಆಪ್ತಸಲಹೆ ಅಲ್ಲ ಅಂತ ಒಬ್ಬ ಗೆಳತಿ ನಕ್ಕಳು. ನಾನು ಒಪ್ಪಲ್ಲ. ದಿನಾ ಸಾವು ನೋಡುವವರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು, ಅದೇ ಅವ್ಯವಸ್ಥೆಗೆ ವಾಪಸ್ ಕಳಿಸುವುದು ಯಾವ ಸಲಹೆ? ಅವರ ಸಿಟ್ಟಿನಲ್ಲಿ ಅರ್ಧ ದುಃಖ, ಇನ್ನರ್ಧ ಕೆಲಸದ ಗೊಂದಲ. ಗೊಂದಲ ತೆಗೆದ ಮೇಲೇ ದುಃಖ ಮಾತಾಡಲು ಜಾಗ ಸಿಗುವುದು.

ಬಸಣ್ಣ ಕೆಲಸ ಬಿಟ್ಟಿಲ್ಲ. ಬೋರ್ಡ್ ಬಂದಿದೆ. ಐದು ನಿಮಿಷದ ಮಾತು ಮಾತ್ರ ಆಪರೇಷನ್ ಇರುವ ದಿನ ಈಗಲೂ ತಪ್ಪುತ್ತದೆಯಂತೆ. ಅದಕ್ಕೆ ಆ ದಿನಗಳಲ್ಲಿ ಡಾಕ್ಟರ ಬದಲು ಕಾಂಪೌಂಡರ್ ಕೂರಲಿ ಅಂತ ಮ್ಯಾನೇಜರಿಗೆ ಬರೆದಿದ್ದೇನೆ.