ಹಂಡೆ ಒಲೆಯ ಹೊಗೆಗೆ ನೀಲಿ ಬಣ್ಣವೇಕೆ? ಓದುಗರ ಪ್ರಶ್ನೆಗಳಿಗೆ ಚಿತ್ರಕಲಾವಿದೆಯ ಉತ್ತರ

ತೀರ್ಥಹಳ್ಳಿ ಸೀಮೆಯಲ್ಲಿರುವ ನನ್ನ ತವರುಮನೆಯ ಬಚ್ಚಲನ್ನು ಕುರಿತ ಜಲವರ್ಣ ಚಿತ್ರವೊಂದು, ಅದಕ್ಕಾಗಿ ಮಾಡಿಕೊಂಡ ಕರಡುಗಳ ಸಮೇತ, ಕಳೆದ ಸಂಚಿಕೆಯಲ್ಲಿ ಪ್ರಕಟವಾಗಿತ್ತು. ಯಾವ ಕಥೆಗೂ ಯಾವ ಮುಖಪುಟಕ್ಕೂ ಅಲ್ಲದೆ ನನಗಾಗಿಯೇ ಬರೆದುಕೊಂಡಿದ್ದ ಆ ಚಿತ್ರದ ಬಗ್ಗೆ ಬಂದ ಪತ್ರಗಳಲ್ಲಿ, ಹೆಚ್ಚಿನವರಿಗೆ ಉಪಯೋಗವಾಗಬಹುದಾದ ಪ್ರಶ್ನೆಗಳನ್ನು ಇಲ್ಲಿ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಹೊಗೆಯನ್ನು ನಾವೆಲ್ಲ ಬೂದು ಬಣ್ಣದಲ್ಲಿ ಬರೆಯುತ್ತೇವೆ, ಮಕ್ಕಳಿಗೂ ಹಾಗೆಯೇ ಹೇಳಿಕೊಡುತ್ತೇವೆ. ನಿಮ್ಮ ಚಿತ್ರದಲ್ಲಿ ಹೊಗೆ ನೀಲಿಯಾಗಿದೆ. ಇದು ಕಲ್ಪನೆಯೋ, ಕಂಡದ್ದೋ? ಈ ಚಿತ್ರ ಮೊದಲಿನಿಂದ ಕೊನೆಯವರೆಗೆ ಹೇಗೆ ಬಂತೆಂದು ವಿವರಿಸುವಿರಾ?
– ಚಿತ್ರಕಲಾ ಶಿಕ್ಷಕರು, ಧಾರವಾಡ

ಉತ್ತರ: ಕಂಡದ್ದೇ, ಆದರೆ ಕಾಣುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು. ಆ ಬಚ್ಚಲಿನಲ್ಲಿ ಸ್ನಾನ ಮಾಡಿ ಬೆಳೆದವಳು ನಾನು. ಅಲ್ಲಿಯ ಹೊಗೆ ಯಾವ ಬಣ್ಣದ್ದೆಂದು ಯಾರಾದರೂ ಕೇಳಿದ್ದರೆ ಯೋಚಿಸದೆಯೇ ಬೂದು ಎಂದು ಹೇಳಿಬಿಡುತ್ತಿದ್ದೆ.

ಮೊದಲ ಚಿತ್ರವನ್ನು ನೆನಪಿನಿಂದಲೇ ಬೆಂಗಳೂರಿನ ಮನೆಯಲ್ಲಿ ಕುಳಿತು ಬರೆದೆ. ನಡುವೆ ಒಲೆ, ಒಲೆಯಲ್ಲಿ ಕಿತ್ತಳೆ ಬಣ್ಣದ ಬೆಂಕಿ, ಮೇಲೆ ತಾಮ್ರದ ಹಂಡೆ, ಅದರಾಚೆ ಬೂದು ಹೊಗೆ. ಎಲ್ಲವೂ ಇರಬೇಕಾದ ಜಾಗದಲ್ಲಿಯೇ ಇದ್ದರೂ ಅದು ಯಾರ ಮನೆಯ ಬಚ್ಚಲೂ ಆಗಿರಲಿಲ್ಲ. ಎರಡನೆಯದನ್ನು ತಮ್ಮನಿಂದ ತರಿಸಿಕೊಂಡ ಫೋಟೊ ಇಟ್ಟುಕೊಂಡು ಬರೆದೆ. ಫೋಟೊದಲ್ಲಿ ಕತ್ತಲೆಯ ಭಾಗವೆಲ್ಲ ಒಂದೇ ಕಪ್ಪು ಮುದ್ದೆಯಾಗಿದ್ದುದರಿಂದ ನನ್ನ ಚಿತ್ರವೂ ಹಾಗೆಯೇ ಆಯಿತು. ಕೊನೆಗೆ ದೀಪಾವಳಿಗೆ ಊರಿಗೆ ಹೋದಾಗ, ಅಮ್ಮ ನೀರು ಕಾಯಿಸಲು ಅಡಿಕೆ ಸಿಪ್ಪೆ ತುಂಬಿ ಒಲೆ ಹೊತ್ತಿಸುವ ಹೊತ್ತಿಗೆ ಸರಿಯಾಗಿ ಮಣೆ ಹಾಕಿಕೊಂಡು ಬಾಗಿಲ ಬಳಿ ಕುಳಿತೆ. ಹೀಗೆ ನಾಲ್ಕು ಬೆಳಗು ಕುಳಿತದ್ದೇ ಈ ಚಿತ್ರದ ನಿಜವಾದ ಕೆಲಸ. ಬಣ್ಣ ಹಚ್ಚಿದ್ದು ಆಮೇಲಿನ ಮಾತು.

ಆ ಕೋಣೆಗೆ ಬೆಳಕು ಬರುವುದು ಬೆಂಕಿಯಿಂದ ಎಂದು ನಾನು ತಿಳಿದಿದ್ದೆ. ನಿಜಕ್ಕೂ ಅದು ಬರುವುದು ಮಾಡಿನಲ್ಲಿರುವ ಒಂದೇ ಒಂದು ಗಾಜಿನ ಹೆಂಚಿನಿಂದ. ಬಿಸಿಲು ಏರಿದಂತೆ ಆ ಹೆಂಚಿನಿಂದ ಬೆಳಕು ಕೋಲಿನಂತೆ ಓರೆಯಾಗಿ ಇಳಿಯುತ್ತದೆ. ಹೊಗೆ ಆ ಕೋಲನ್ನು ಹಾದುಹೋಗುವಾಗ ಮಾತ್ರ ಕಣ್ಣಿಗೆ ಬೀಳುತ್ತದೆ, ಅದರಾಚೆಗೆ ಇಲ್ಲವೇ ಇಲ್ಲವೇನೋ ಎಂಬಂತೆ ಕತ್ತಲಲ್ಲಿ ಕರಗುತ್ತದೆ. ಹಾಗೆ ಕಂಡ ಹೊಗೆ ಸ್ಪಷ್ಟವಾದ ತಿಳಿನೀಲಿ. ಸೌದೆಯ ತೆಳು ಹೊಗೆಯಲ್ಲಿರುವ ಅತಿ ಸಣ್ಣ ಕಣಗಳು ಬೆಳಕಿನ ನೀಲಿ ಪಾಲನ್ನು ಹೆಚ್ಚಾಗಿ ಚದುರಿಸುವುದರಿಂದ, ಹಿಂದೆ ಕಪ್ಪು ಗೋಡೆಯಿದ್ದರೆ ಹೊಗೆ ನೀಲಿಯಾಗಿ ತೋರುತ್ತದೆ. ಅದೇ ಹೊಗೆ ಹೆಂಚಿನ ಸಂದಿಯಿಂದ ಹೊರಬಂದು ಬೆಳ್ಳಗಿನ ಆಕಾಶದ ಎದುರು ನಿಂತಾಗ ಮಾಸಲು ಹಳದಿಯಾಗಿ, ಕಂದಾಗಿ ಕಾಣುತ್ತದೆ. ಅಂಗಳಕ್ಕೆ ಬಂದು ನೋಡಿ ಎರಡನ್ನೂ ಒಂದೇ ಬೆಳಗಿನಲ್ಲಿ ಗುರುತು ಹಾಕಿಕೊಂಡೆ. ನಿಮ್ಮ ಶಾಲೆಯ ಮಕ್ಕಳನ್ನು ಸೌದೆ ಒಲೆಯಿರುವ ಮನೆಯೊಂದಕ್ಕೆ ಒಮ್ಮೆ ಕರೆದೊಯ್ದು ಹೊಗೆಯನ್ನು ಎರಡೂ ಕಡೆಯಿಂದ ತೋರಿಸಬೇಕೆಂದು ನನ್ನ ಮನಃಪೂರ್ವಕ ಕೋರಿಕೆ.

ಬೆಳಕಿನ ವಿಷಯ ತಿಳಿದ ಮೇಲೆ ಬೆಂಕಿಪೊಟ್ಟಣದ ಅಳತೆಯ ಚೌಕಗಳಲ್ಲಿ ಹದಿನಾಲ್ಕು ಕರಡು ಮಾಡಿದೆ. ಅವುಗಳಲ್ಲಿ ವಿವರವೇನೂ ಇಲ್ಲ. ಎಲ್ಲಿ ಬಿಳಿ, ಎಲ್ಲಿ ನಡುವಣ ಬಣ್ಣ, ಎಲ್ಲಿ ಗಾಢ ಎಂಬ ಮೂರೇ ತೀರ್ಮಾನಗಳಿವೆ. ಒಂಬತ್ತನೆಯ ಕರಡಿನಲ್ಲಿ ಬೆಂಕಿಯನ್ನು ಚಿತ್ರದ ಅಂಚಿಗೆ ಸರಿಸಿ ಅರ್ಧ ಮರೆಮಾಡಿದಾಗ ಬೆಳಕಿನ ಕೋಲಿಗೆ ಜಾಗ ಸಿಕ್ಕಿತು.

ಹಾಳೆ 300 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 300 ಗ್ರಾಂ) ತೂಕದ, ಮೇಲ್ಮೈ ಸ್ವಲ್ಪ ತರಿತರಿಯಾಗಿರುವ ಹತ್ತಿಯ ಹಾಳೆ. ಜಲವರ್ಣದಲ್ಲಿ ಬೆಳಕನ್ನು ಹಚ್ಚಲಾಗುವುದಿಲ್ಲ, ಉಳಿಸಿಕೊಳ್ಳಬೇಕು. ಹಾಳೆಯ ಬಿಳುಪೇ ನಮ್ಮ ಬೆಳಕು. ಆದ್ದರಿಂದ ಕೋಲಿನ ಭಾಗವನ್ನು ನೀರಿನಿಂದ ಮಾತ್ರ ಒದ್ದೆ ಮಾಡಿ, ಬಹಳ ತೆಳುವಾದ ಅಲ್ಟ್ರಾಮರೀನ್ ನೀಲಿಯನ್ನು ಒಂದು ತುದಿಯಲ್ಲಿ ಇಳಿಬಿಟ್ಟು, ಹಲಗೆಯನ್ನು ವಾಲಿಸಿ ಅದು ತಾನಾಗಿ ಹರಿಯಲು ಬಿಟ್ಟೆ. ಈ ನೀಲಿಯ ಕಣಗಳು ಹಾಳೆಯ ತಗ್ಗುಗಳಲ್ಲಿ ತಂಗಿ ನವಿರಾದ ಚುಕ್ಕೆಗಳಾಗುತ್ತವೆ. ಹೊಗೆಗೆ ಅದಕ್ಕಿಂತ ಒಪ್ಪುವ ಮೈ ಬೇರೊಂದಿಲ್ಲ. ಮಸಿ ಹಿಡಿದ ಗೋಡೆಗೂ ಮಾಡಿನಿಂದ ಜೋತ ಇಲ್ಲಣಕ್ಕೂ ಟ್ಯೂಬಿನ ಕಪ್ಪನ್ನು ಮುಟ್ಟಲಿಲ್ಲ. ಅದೇ ನೀಲಿಗೆ ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬಣ್ಣವನ್ನು ಬೆರೆಸಿ, ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದರಂತೆ ನಾಲ್ಕು ಪದರ ಕೊಟ್ಟೆ. ಒಲೆಯ ಪಕ್ಕದಲ್ಲಿ ಕಂದಿನ ಪಾಲು ಹೆಚ್ಚು, ಮೂಲೆಗಳಲ್ಲಿ ನೀಲಿಯ ಪಾಲು ಹೆಚ್ಚು. ಹೀಗೆ ಮಾಡಿದ ಕತ್ತಲೆಗೆ ಬೆಚ್ಚಗಿನ ಕಡೆ, ತಣ್ಣಗಿನ ಕಡೆ ಎಂಬ ಎರಡು ಮಗ್ಗುಲುಗಳಿರುತ್ತವೆ.

ಇನ್ನೊಂದು ವಿವರವನ್ನು ಹೇಳದೆ ಇರಲಾರೆ. ಹಂಡೆಯ ಕೊರಳಿನ ಹಿಂಬದಿಯಲ್ಲಿ ಹೆಬ್ಬೆರಳಗಲದ ಹಸಿರು ಕಿಲುಬಿದೆ. ಅಮ್ಮ ಹಬ್ಬದ ಮುಂಚೆ ಹುಣಸೆಹಣ್ಣು ಹಚ್ಚಿ ಹಂಡೆಯನ್ನು ತಿಕ್ಕುತ್ತಾರೆ. ಹಂಡೆಯನ್ನು ಒಲೆಗೆ ಸೇರಿಸಿ ಮಣ್ಣು ಮೆತ್ತಿರುವುದರಿಂದ ಅದನ್ನು ತಿರುಗಿಸುವಂತಿಲ್ಲ, ಹಿಂಬದಿಗೆ ಅವರ ಕೈ ಎಟುಕುವುದಿಲ್ಲ. ಅಷ್ಟು ವರ್ಷ ಆ ಮನೆಯಲ್ಲಿದ್ದೂ ನಾನು ನೋಡಿರದ ಆ ಹಸಿರು, ಮೂರನೆಯ ಬೆಳಗಿನಲ್ಲಿ ಹಂಡೆಯ ಅಂಚಿನ ಗೆರೆ ಎಳೆಯುವಾಗ ಕಂಡಿತು. ಅಮ್ಮನ ಕೈ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರ ಗುರುತು ಅದು. ಚಿತ್ರದಲ್ಲಿ ಅಮ್ಮ ಎಲ್ಲಿಯೂ ಇಲ್ಲವಾದರೂ ಅವರನ್ನು ಬರೆದದ್ದು ಆ ಜಾಗದಲ್ಲಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ, ದಿನವೂ ಚಿತ್ರ ಬರೆಯುತ್ತೇನೆ. ಯಾರಿಗೂ ತೋರಿಸಲು ಧೈರ್ಯವಿಲ್ಲ. ತೋರಿಸಿದಾಗ ಯಾರೂ ಏನೂ ಹೇಳದೆ ಹೋದರೆ ವಾರಗಟ್ಟಲೆ ಕುಂಚ ಹಿಡಿಯಲಾಗುವುದಿಲ್ಲ. ನನ್ನದೇ ಶೈಲಿ ಇನ್ನೂ ಸಿಕ್ಕಿಲ್ಲ ಎಂಬ ಚಿಂತೆಯೂ ಇದೆ.
– ಓದುಗರು, ಬಳ್ಳಾರಿ

ಉತ್ತರ: ಮುಗಿದ ಚಿತ್ರವನ್ನು ಮಾತ್ರ ತೋರಿಸಿದಾಗ ನೋಡಿದವರಿಗೆ ಚೆನ್ನಾಗಿದೆ ಎನ್ನುವುದನ್ನೋ ಸುಮ್ಮನಿರುವುದನ್ನೋ ಬಿಟ್ಟು ಬೇರೆ ದಾರಿಯಿರುವುದಿಲ್ಲ. ಕರಡನ್ನೂ ಕೆಟ್ಟುಹೋದ ಪ್ರತಿಯನ್ನೂ ಜೊತೆಗಿಟ್ಟು, ಇಲ್ಲಿ ಈ ತೊಡಕು ಬಂತು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿ ನೋಡಿ. ಮಾತು ನಿಮ್ಮನ್ನು ಬಿಟ್ಟು ಕೆಲಸದ ಕಡೆಗೆ ತಿರುಗುತ್ತದೆ. ಎಲ್ಲರಿಗೂ ತೋರಿಸಬೇಕಾಗಿಯೂ ಇಲ್ಲ, ನೇರವಾಗಿ ಮಾತಾಡುವ ಇಬ್ಬರು ಸಾಕು. ಬಚ್ಚಲಿನ ಮೊದಲೆರಡು ಚಿತ್ರಗಳನ್ನು ಕಳೆದ ಸಂಚಿಕೆಯಲ್ಲಿ ಅಚ್ಚು ಹಾಕಿಸಿದ್ದು ಈ ಕಾರಣಕ್ಕಾಗಿಯೇ.

ಶೈಲಿಯನ್ನು ಹುಡುಕಿಕೊಂಡು ಹೋಗಬೇಡಿ. ಮೈಸೂರು ಅರಮನೆಯ ಆಶ್ರಯದಲ್ಲಿ ಬೆಳೆದ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತರು. 1913ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಭಾರತೀಯ ಪುರಾಣಕಥೆಗಳ ಪುಸ್ತಕವೊಂದಕ್ಕೆ ಚಿತ್ರ ಬರೆದವರಲ್ಲಿ ಅವರೂ ಒಬ್ಬರು. ಆ ಚಿತ್ರಗಳಲ್ಲಿ ಗುರುವಿನ ಕೈಯ ಛಾಯೆ ಸ್ಪಷ್ಟವಾಗಿದೆ. ಊಟಿ ಮತ್ತು ಕೊಡೈಕೆನಾಲ್‌ಗಳ ಬೆಟ್ಟಗಳನ್ನೂ ಮಂಜನ್ನೂ ಎದುರಿಗಿಟ್ಟುಕೊಂಡು ಮುಂದೆ ಅವರು ಬರೆದ ಜಲವರ್ಣಗಳನ್ನು ನೋಡಿದರೆ, ಆ ಛಾಯೆ ಕಳಚಿಕೊಂಡದ್ದು ತಿಳಿಯುತ್ತದೆ. ಗುರುವಿನಂತೆ ಬರೆಯಬಾರದೆಂದು ಹಟ ತೊಟ್ಟದ್ದರಿಂದ ಹಾಗಾಯಿತೆಂದು ನಾನು ನಂಬುವುದಿಲ್ಲ. ಮಂಜನ್ನು ಅದು ಇದ್ದಂತೆಯೇ ಹಿಡಿಯಬೇಕೆಂಬ ಹಂಬಲದಿಂದ ಆಯಿತೆಂದು ನನ್ನ ಎಣಿಕೆ. ಬಳ್ಳಾರಿಯ ಬಂಡೆಗುಡ್ಡಗಳ ಮೇಲೆ ಮಧ್ಯಾಹ್ನ ಮೂರರ ಬಿಸಿಲು ಹೇಗೆ ಬೀಳುತ್ತದೆಂದು ಇಡೀ ಒಂದು ತಿಂಗಳು ಬರೆಯಿರಿ, ಆ ಹಾಳೆಗಳನ್ನು ನನಗೂ ಕಳುಹಿಸಿ.

ಪ್ರಶ್ನೆ: ನಮ್ಮ ಅಜ್ಜಿ ಮದುವೆಮನೆಗಳಲ್ಲಿ ಹಸೆ ಚಿತ್ತಾರ ಬರೆಯುತ್ತಿದ್ದವರು. ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯಲು ಆರಂಭಿಸಿದ್ದೇನೆ. ಚಿತ್ತಾರದ ಗೆರೆಗಳನ್ನು ನನ್ನ ಚಿತ್ರಗಳಲ್ಲಿ ಬಳಸಿ ಮಾರಬಹುದೇ, ಅದು ತಪ್ಪಾಗುತ್ತದೆಯೇ?
– ಓದುಗರು, ಸಾಗರ

ಉತ್ತರ: ಮನೆಯೊಳಗೇ ಇಂಥ ಗುರು ಇರುವಾಗ ನೀವು ಮೊದಲು ಕೇಳಬೇಕಾದದ್ದು ನನ್ನನ್ನಲ್ಲ, ಅಜ್ಜಿಯನ್ನು. ಚಿತ್ತಾರ ಸಾಗರ ಸೀಮೆಯ ದೀವರ ಸಮುದಾಯದ ಹೆಂಗಸರು ಕೈಯಿಂದ ಕೈಗೆ ದಾಟಿಸಿಕೊಂಡು ಬಂದ ವಿದ್ಯೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ; ಇವೆಲ್ಲ ಅಂಗಡಿಯಿಂದಲ್ಲದೆ ಹಿತ್ತಿಲಿನಿಂದಲೂ ಅಡುಗೆಮನೆಯಿಂದಲೂ ಬಂದವು. ಅಜ್ಜಿಯ ಪಕ್ಕದಲ್ಲಿ ಕುಳಿತು ಒಂದು ಗೋಡೆಯನ್ನು ಅವರ ಕೈಯಿಂದ ಪೂರ್ತಿ ಬರೆಯಿಸಿ, ಜೊತೆಯಲ್ಲಿ ನೀವೂ ಬರೆಯಿರಿ. ಪ್ರತಿಯೊಂದು ಎಳೆಗೂ ಅವರು ಹೇಳುವ ಹೆಸರನ್ನು ಅವರ ಮಾತಿನಲ್ಲಿಯೇ ಗುರುತು ಮಾಡಿಕೊಳ್ಳಿ. ಯಾವ ಎಳೆ ಮದುವೆಯ ಗೋಡೆಗೆ ಮಾತ್ರ ಸಲ್ಲುತ್ತದೆ, ಯಾವುದನ್ನು ಬೇರೆಡೆ ಬರೆದರೂ ನಡೆಯುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಆಗ ನಿಮ್ಮ ಪ್ರಶ್ನೆಯ ಬಹುಪಾಲು ತಾನಾಗಿಯೇ ಬಗೆಹರಿಯುತ್ತದೆ.

ಮಾರುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಪುಸ್ತಕದಲ್ಲಿ ಜಾನಪದ ಶೈಲಿ ಎಂಬ ಎರಡು ಪದಗಳಲ್ಲಿ ಮುಗಿಸಿಬಿಡಬಾರದು. ಇದು ಹಸೆ ಚಿತ್ತಾರ, ಇದು ದೀವರ ಹೆಂಗಸರ ಕಲೆ, ನಾನು ಕಲಿತದ್ದು ನನ್ನ ಅಜ್ಜಿಯಿಂದ ಎಂದು ಬಿಡಿಸಿ ಬರೆಯಬೇಕು. ಸಾಮಗ್ರಿಯ ಬಗ್ಗೆ ಒಂದು ಎಚ್ಚರಿಕೆಯೂ ಇದೆ: ಗೋಡೆಗೆ ಒಗ್ಗುವ ಅಕ್ಕಿ ಹಿಟ್ಟು ಹಾಳೆಗೆ ಒಗ್ಗುವುದಿಲ್ಲ. ಒಣಗಿದ ಮೇಲೆ ಹಾಳೆ ಬಾಗಿದಾಗ ಅದು ಉದುರುತ್ತದೆ, ಗಂಜಿಯ ಅಂಶಕ್ಕೆ ಬೆಳ್ಳಿಹುಳುಗಳು ಬರುತ್ತವೆ. ಮಾರುವ ಹಾಳೆಗಳಿಗೆ ಅಕ್ರಿಲಿಕ್ ಬಿಳಿಯನ್ನು ಬಳಸಿ, ಅಕ್ಕಿಯ ಬಿಳಿಯನ್ನು ಅಜ್ಜಿಯ ಗೋಡೆಗೆ ಉಳಿಸಿಕೊಳ್ಳಿ.

ಪ್ರಶ್ನೆ: ನಾನು ಹಂಚಿಕೊಂಡ ಚಿತ್ರವೊಂದನ್ನು ಅಂಗಡಿಯೊಂದರವರು ಕೇಳದೆಯೇ ತಮ್ಮ ಕ್ಯಾಲೆಂಡರಿಗೆ ಬಳಸಿದ್ದಾರೆ. ನಾನು ಎಲ್ಲಿಯೂ ನೋಂದಣಿ ಮಾಡಿಸಿರಲಿಲ್ಲ. ನನಗೆ ಹಕ್ಕಿದೆಯೇ?
– ಓದುಗರು, ಮಂಗಳೂರು

ಉತ್ತರ: ಖಂಡಿತ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಸಾಕ್ಷ್ಯಕ್ಕೆ ಸಹಾಯವಾಗುತ್ತದೆ ಅಷ್ಟೇ. ಕಲಾವಿದರ ಜೀವಿತಾವಧಿಗೆ ಮತ್ತು ಆಮೇಲಿನ 60 ವರ್ಷಗಳಿಗೆ ಆ ಹಕ್ಕು ಇರುತ್ತದೆ. ಕ್ಯಾಲೆಂಡರಿನ ಒಂದು ಪ್ರತಿ, ನಿಮ್ಮ ಕರಡುಗಳು, ದಿನಾಂಕವಿರುವ ಮೂಲ ಕಡತ, ಇವಿಷ್ಟನ್ನು ಜೋಡಿಸಿಟ್ಟುಕೊಂಡು ಮೊದಲು ಲಿಖಿತವಾಗಿ ಸಂಭಾವನೆ ಕೇಳಿ. ಒಪ್ಪದಿದ್ದರೆ ವಕೀಲರ ಮೂಲಕ ನೋಟಿಸ್ ಕಳುಹಿಸಿ. ಕರಡುಗಳನ್ನು ಎಸೆಯದೆ ಇಟ್ಟುಕೊಳ್ಳುವುದು ಇಂಥ ಹೊತ್ತಿನಲ್ಲಿ ಕೈಹಿಡಿಯುತ್ತದೆ, ಏಕೆಂದರೆ ನಕಲು ಮಾಡಿದವರ ಬಳಿ ಕರಡು ಇರುವುದಿಲ್ಲ.

ಹಣ ಪಡೆದು ಇನ್ನೊಬ್ಬರಿಗಾಗಿ ಚಿತ್ರ ಬರೆದುಕೊಡುವವರು ಒಂದು ವಿಷಯವನ್ನು ನೆನಪಿಡಬೇಕು. ಬೇರೆ ಒಪ್ಪಂದವಿಲ್ಲದಿದ್ದರೆ, ಹಾಗೆ ಬರೆಯಿಸಿಕೊಂಡವರೇ ಮೊದಲ ಹಕ್ಕುದಾರರಾಗುವ ಸಂದರ್ಭಗಳಿವೆ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿಯೇ ಆಗಬೇಕು. ಅದರಲ್ಲಿ ಅವಧಿಯನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ಕಾಯ್ದೆ ಭಾವಿಸುತ್ತದೆ. ಹಿಂದೊಮ್ಮೆ ಪ್ರಕಾಶಕರೊಬ್ಬರು ನನ್ನ ಚಿತ್ರದ ಕೆಳಭಾಗವನ್ನು ಸಹಿಯ ಸಮೇತ ಕತ್ತರಿಸಿ ಅಚ್ಚು ಹಾಕಿದಾಗ, ಹಣ ಪಡೆದ ಮೇಲೆ ಮಾತಾಡುವಂತಿಲ್ಲವೆಂದು ತಿಳಿದು ಸುಮ್ಮನಾಗಿದ್ದೆ, ಮತ್ತು ಆ ಪುಸ್ತಕವನ್ನು ಇಂದಿಗೂ ನೆಮ್ಮದಿಯಿಂದ ತೆರೆಯಲಾರೆ. ಹಕ್ಕನ್ನು ಬಿಟ್ಟುಕೊಟ್ಟ ಮೇಲೂ ಇದು ನನ್ನ ಕೃತಿಯೆಂದು ಹೇಳುವ, ಗೌರವಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸುವುದನ್ನು ತಡೆಯುವ ಅಧಿಕಾರ ಕಲಾವಿದರಿಗೆ ಉಳಿದಿರುತ್ತದೆಂದು ಆಗ ನನಗೆ ತಿಳಿದಿರಲಿಲ್ಲ.

ಪ್ರಶ್ನೆ: ಹೊಸದಾಗಿ ಕಲಿಯುವವರು ಯಾವ ಹಾಳೆ ಕೊಳ್ಳಬೇಕು? ಚಿತ್ರಗಳನ್ನು ಹೇಗೆ ಜೋಪಾನ ಮಾಡಬೇಕು?
– ಗೃಹಿಣಿ, ಹಾಸನ

ಉತ್ತರ: ಬಣ್ಣಕ್ಕಿಂತ ಹಾಳೆಗೆ ಹೆಚ್ಚು ಖರ್ಚು ಮಾಡಿ. ತೆಳುವಾದ ಹಾಳೆ ನೀರು ತಾಗಿದೊಡನೆ ಸುಕ್ಕಾಗುತ್ತದೆ, ಕಲಿಯುವವರು ತಮ್ಮ ಕೈ ಸರಿಯಿಲ್ಲವೆಂದುಕೊಳ್ಳುತ್ತಾರೆ. 300 ಜಿಎಸ್‌ಎಂನ ಒಂದು ದೊಡ್ಡ ಹಾಳೆ ತಂದು ಎಂಟು ತುಂಡು ಮಾಡಿಕೊಂಡರೆ ಎಂಟು ದಿನದ ಅಭ್ಯಾಸಕ್ಕಾಗುತ್ತದೆ. ಸ್ಕ್ಯಾನ್ ಮಾಡುವಾಗ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಇರಲಿ, ಎ4 ಅಳತೆಯ ಚಿತ್ರ ಆಗ ಸುಮಾರು 2480 x 3508 ಪಿಕ್ಸೆಲ್ ಬರುತ್ತದೆ, ಮೂಲದ ಅಳತೆಯಲ್ಲಿ ಅಚ್ಚಿಗೆ ಸಾಕಾಗುತ್ತದೆ. ಹಾಳೆಗಳನ್ನು ಬಿಸಿಲು ಬೀಳದ, ತೇವವಿಲ್ಲದ ಜಾಗದಲ್ಲಿ ಮಡಚದೆ ಇಡಿ. ಪ್ರತಿ ಹಾಳೆಯ ಹಿಂಬದಿಯಲ್ಲಿ ದಿನಾಂಕ, ಜಾಗ, ಬಳಸಿದ ಬಣ್ಣಗಳ ಹೆಸರನ್ನು ಬರೆಯಿರಿ. ಪೆನ್ನಿನ ಶಾಯಿ ಮುಂಬದಿಗೆ ಇಳಿಯಬಹುದು, ಆದ್ದರಿಂದ ಪೆನ್ಸಿಲ್ಲಿನಲ್ಲಿಯೇ ಬರೆಯಿರಿ.