100 ವ್ಯಾಟ್ ಆಂಪ್ ತಗೊಂಡ್ರೆ ಮೆಟಲ್ ಬರುತ್ತಾ?

ನಾನು ಶಿವಮೊಗ್ಗದಲ್ಲಿ ಆಂಪ್ (ಗಿಟಾರಿನ ಸದ್ದು ಜೋರು ಮಾಡುವ ಆಂಪ್ಲಿಫೈಯರ್) ರಿಪೇರಿ ಮಾಡುತ್ತೇನೆ, ಕಾರ್ಯಕ್ರಮಗಳಿಗೆ ಸೌಂಡ್ ಹಾಕುತ್ತೇನೆ. ಈ ಕಡೆ ಮೆಟಲ್ (ಗಿಟಾರಿನ ಭಾರೀ ಸದ್ದಿನ ರಾಕ್ ಸಂಗೀತ) ನುಡಿಸುವ ಹುಡುಗರು ಜಾಸ್ತಿಯಾಗಿದ್ದಾರೆ, ಖುಷಿ. ಆದರೆ ಎಲ್ಲರದ್ದೂ ಒಂದೇ ಪ್ರಶ್ನೆ: ಎಷ್ಟು ವ್ಯಾಟ್? ಈ ಸಲ ಅದಕ್ಕೆ ಪೂರ್ತಿ ಉತ್ತರ ಬರೆಯುತ್ತೇನೆ, ಮತ್ತೆ ಕೇಳಬೇಡಿ. ಜೊತೆಗೆ ನೀವು ಕಳಿಸಿದ ಬೇರೆ ಪ್ರಶ್ನೆಗಳಿಗೂ ಉತ್ತರವಿದೆ. ಮೊದಲು ಓದುಗರೊಬ್ಬರ ಪತ್ರ:

ತೀರ್ಥಹಳ್ಳಿಯಲ್ಲಿ ನಾಲ್ಕು ಜನ ಸೇರಿ ಬ್ಯಾಂಡ್ ಕಟ್ಟಿದ್ದೇವೆ. ಡ್ರಾಪ್ ಡಿ ಟ್ಯೂನಿಂಗ್ (ದಪ್ಪ ತಂತಿಯನ್ನು ಡಿ ಸ್ವರಕ್ಕೆ ಇಳಿಸಿದ್ದು). ನನ್ನದು 8 ಇಂಚಿನ ಸ್ಪೀಕರ್ ಇರುವ 20 ವ್ಯಾಟ್ ಆಂಪ್. ಗೇನ್ (ಸದ್ದು ಒಡೆಯುವಂತೆ ಮಾಡುವ ನಾಬ್) ಪೂರ್ತಿ ಏರಿಸಿದರೂ ಡ್ರಮ್ಸ್ ಶುರುವಾದರೆ ನನ್ನ ಗಿಟಾರ್ ಕೇಳುವುದೇ ಇಲ್ಲ. ಅಂಗಡಿಯವರು 100 ವ್ಯಾಟ್ ಟ್ಯೂಬ್ ಆಂಪ್ (ಹಳೇ ರೇಡಿಯೋದಂತೆ ಗಾಜಿನ ವಾಲ್ವ್ ಇರುವುದು) ತಗೊಳ್ಳಿ ಅಂತಾರೆ. ತಗೊಳ್ಳಲಾ ಸರ್?

ಬೇಡ. ಅಂಗಡಿಯವರಿಗೆ ಅದು ಮಾರಾಟವಾಗಬೇಕು, ಅಷ್ಟೇ.

50 ವ್ಯಾಟಿನಿಂದ 100 ವ್ಯಾಟಿಗೆ ಹೋದರೆ ಸಿಗುವುದು 3 ಡೆಸಿಬಲ್ (ಸದ್ದಿನ ಅಳತೆ). ಸ್ವಲ್ಪ ಜೋರಾಯಿತು ಅನ್ನಿಸುತ್ತದೆ, ಎರಡು ಪಟ್ಟು ಅಲ್ಲ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಹತ್ತಿರ ಹತ್ತಿರ ಹತ್ತು ಪಟ್ಟು ವ್ಯಾಟ್ ಬೇಕು. ಅದೇ 3 ಡೆಸಿಬಲ್ ಒಳ್ಳೆಯ ಸ್ಪೀಕರಿನಿಂದಲೂ ಬರುತ್ತದೆ. ಒಂದು ವ್ಯಾಟಿಗೆ 97 ಡೆಸಿಬಲ್ ಕೊಡುವ ಸ್ಪೀಕರ್ ತೆಗೆದು 100 ಡೆಸಿಬಲ್ ಕೊಡುವುದನ್ನು ಹಾಕಿದರೆ, ಆಂಪ್ ಮುಟ್ಟದೇ ವ್ಯಾಟ್ ದುಪ್ಪಟ್ಟು ಮಾಡಿದ ಹಾಗೆ. ಮೆಟಲ್‌ನವರ ಅಚ್ಚುಮೆಚ್ಚಿನ ಸೆಲೆಶನ್ ವಿಂಟೇಜ್ 30 ಸ್ಪೀಕರಿನ ಲೆಕ್ಕ 100 ಡೆಸಿಬಲ್. ಆದರೆ ವ್ಯಾಟ್ ಮಾತ್ರ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತದೆ, ಅಲ್ವಾ?

ನಿಮ್ಮ 8 ಇಂಚಿನ ಸ್ಪೀಕರ್ ಡ್ರಾಪ್ ಡಿಯ ದಪ್ಪ ತಂತಿಗೆ ಸಾಲುವುದಿಲ್ಲ. ಆ ಸ್ವರ ಸುಮಾರು 73 ಹರ್ಟ್ಸ್. ಸಣ್ಣ ಸ್ಪೀಕರ್, ಸಣ್ಣ ಪೆಟ್ಟಿಗೆ ಅಷ್ಟು ಕೆಳಗೆ ಗಟ್ಟಿಯಾಗಿ ನುಡಿಯುವುದಿಲ್ಲ, ಬರೀ ಒದರುತ್ತವೆ. 12 ಇಂಚು ಬೇಕೇ ಬೇಕು. ಹಿಂಭಾಗ ಮುಚ್ಚಿದ ಕ್ಯಾಬಿನೆಟ್ ಆದರೆ ಪಾಮ್ ಮ್ಯೂಟ್‌ಗೆ (ಅಂಗೈ ತಂತಿಗೆ ಒತ್ತಿ ನುಡಿಸುವುದಕ್ಕೆ) ಇನ್ನೂ ಒಳ್ಳೆಯದು, ಏಟು ಬಿಗಿಯಾಗಿ ಬರುತ್ತದೆ.

ಇನ್ನು ಗಿಟಾರ್ ಕೇಳದಿರುವ ವಿಚಾರ. ಅರ್ಧ ತಪ್ಪು ಆಂಪಿನದ್ದು, ಇನ್ನರ್ಧ ನಿಮ್ಮ ಬೆರಳಿನದ್ದು. ನೀವು ಬರೆದಿಲ್ಲ, ಆದರೂ ಹೇಳುತ್ತೇನೆ: ನಿಮ್ಮ ನಾಬ್‌ಗಳು ಬೇಸ್ (ಕೆಳಗಿನ ಸ್ವರ) 8, ಮಿಡ್ (ನಡುವಿನದು) 2, ಟ್ರೆಬಲ್ (ಮೇಲಿನದು) 8. ಹೌದಾ? ರೂಮಿನಲ್ಲಿ ಒಬ್ಬರೇ ಸಣ್ಣಗೆ ನುಡಿಸುವಾಗ ಇದು ಬಹಳ ಚೆನ್ನಾಗಿರುತ್ತದೆ. ಸದ್ದು ಕಮ್ಮಿ ಇದ್ದಾಗ ನಮ್ಮ ಕಿವಿಗೆ ತೀರಾ ಕೆಳಗಿನ, ತೀರಾ ಮೇಲಿನ ಸ್ವರಗಳು ಸರಿಯಾಗಿ ಕೇಳುವುದಿಲ್ಲ. ಅದಕ್ಕೇ ಎರಡನ್ನೂ ಏರಿಸುತ್ತೀರಿ. ಬ್ಯಾಂಡಿನ ಜೊತೆ ನಿಂತಾಗ ಕೆಳಗಿನ ಜಾಗವನ್ನು ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ಹಿಡಿದಿರುತ್ತವೆ, ಮೇಲಿನದನ್ನು ಸಿಂಬಲ್. ನಡುವಿನ ಮಿಡ್ ಒಂದೇ ನಿಮ್ಮ ಜಾಗ, ಅದನ್ನೇ ತೆಗೆದು ಬಿಸಾಕಿದ್ದೀರಿ!

ಬೇಸ್ 4, ಮಿಡ್ 6 ಅಥವಾ 7, ಟ್ರೆಬಲ್ 5ಕ್ಕೆ ಇಟ್ಟು ನೋಡಿ. ಗೇನ್ ಅರ್ಧಕ್ಕೆ ಇಳಿಸಿ. ಗೇನ್ ಜಾಸ್ತಿಯಾದಷ್ಟೂ ಏಟಿನ ಮೊನೆ ಸವೆದು ಎಲ್ಲ ಸ್ವರವೂ ಒಂದೇ ಮಟ್ಟಕ್ಕೆ ಬರುತ್ತದೆ, ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ರಾಡಿಯಾಗುತ್ತದೆ. ಭಾರ ಬೇಕಾದರೆ ಬಲಗೈ ಗಟ್ಟಿ ಮಾಡಿಕೊಳ್ಳಿ. ಅದೂ ಸಾಲದಿದ್ದರೆ ಟ್ಯೂಬ್ ಸ್ಕ್ರೀಮರ್ ತರಹದ ಪೆಡಲನ್ನು (ಕಾಲಿನಿಂದ ಒತ್ತುವ ಡಬ್ಬ) ಗಿಟಾರ್ ಮತ್ತು ಆಂಪಿನ ನಡುವೆ ಇಡಿ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಆ ಪೆಡಲ್ ಕೆಳಗಿನ ಸ್ವರಗಳನ್ನು ಕತ್ತರಿಸಿ ಕಳಿಸುವುದರಿಂದ ಆಂಪಿನ ಡಿಸ್ಟಾರ್ಷನ್ (ಒಡೆದ ಸದ್ದು) ಬಿಗಿಯಾಗುತ್ತದೆ.

ಟ್ಯೂಬ್ ಆಂಪ್ ಕೆಟ್ಟದ್ದು ಅನ್ನುತ್ತಿಲ್ಲ. ಪೀವಿ 5150 ಅನ್ನುವ ಟ್ಯೂಬ್ ಆಂಪ್ ಬಂದದ್ದು 1992ರಲ್ಲಿ, ಇವತ್ತಿಗೂ ಮೆಟಲ್‌ನವರು ಅದರ ಹೆಸರು ಹೇಳುತ್ತಾರೆ. ಆದರೆ ಹೆಂಚಿನ ಮನೆಯಲ್ಲಿ, ಅಜ್ಜಿ ಪಕ್ಕದ ಕೋಣೆಯಲ್ಲಿ ಮಲಗಿರುವಾಗ, 100 ವ್ಯಾಟ್ ಟ್ಯೂಬ್ ಆಂಪಿನ ವಾಲ್ಯೂಮ್ ಒಂದರ ಮೇಲೆ ಹೋಗುವುದಿಲ್ಲ. ಸ್ಪೀಕರ್ ಜೋಡಿಸದೇ ಆನ್ ಮಾಡಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಟ್ಯೂಬ್ ಹೋದರೆ ತೀರ್ಥಹಳ್ಳಿಯಲ್ಲಿ ಎಲ್ಲಿ ಹುಡುಕುತ್ತೀರಿ? ನಿಮಗೆ 12 ಇಂಚಿನ 50 ವ್ಯಾಟ್ ಟ್ರಾನ್ಸಿಸ್ಟರ್ ಅಥವಾ ಮಾಡೆಲಿಂಗ್ ಆಂಪ್ (ಬೇರೆ ಆಂಪ್‌ಗಳ ಸದ್ದನ್ನು ಅನುಕರಿಸುವುದು) ಸಾಕು. ಬಾಸ್ ಕಟಾನ 50 ಅಂಥದ್ದು. ಅದನ್ನು ಅರ್ಧ ವ್ಯಾಟಿಗೂ ಇಳಿಸಬಹುದು, ಅಜ್ಜಿಗೂ ನಿದ್ದೆ ಬರುತ್ತದೆ. ದೊಡ್ಡ ಕಾರ್ಯಕ್ರಮವಾದರೆ ಮುಂದೆ ಒಂದು ಮೈಕ್ ಇಡುತ್ತೇವೆ, ಮುಗಿಯಿತು.

ಒಂದು ವಿಷಯ, ಆಂಪನ್ನು ನೆಲದ ಮೇಲೆ, ಅದರಲ್ಲೂ ಅಟ್ಟದ ಹಲಗೆ ಮೇಲೆ ಇಡಬೇಡಿ. ಹಲಗೆಯೂ ಗುಡುಗುತ್ತದೆ. ಕುರ್ಚಿ ಮೇಲಿಟ್ಟು ಕಿವಿ ಕಡೆ ವಾಲಿಸಿ. ಮೊಣಕಾಲಿಗೆ ಕೇಳಿಸಿ ಏನು ಪ್ರಯೋಜನ?

ಆಂಪ್ ಗುಂಯ್ ಅನ್ನುತ್ತೆ. ಪ್ಲಗ್ಗಿನ ಮೂರನೇ ಪಿನ್ ಕಿತ್ತರೆ ನಿಲ್ಲುತ್ತೆ ಅಂತ ಪರಿಚಯದ ಎಲೆಕ್ಟ್ರಿಷಿಯನ್ ಹೇಳಿದರು. ಹಾಡುವಾಗ ತುಟಿಗೆ ಮೈಕ್ ತಾಗಿದರೆ ಜುಮ್ ಅನ್ನುವುದೂ ಇದೆ. (ಸಾಗರ)

ಆ ಎಲೆಕ್ಟ್ರಿಷಿಯನ್ ಕೈಯಲ್ಲಿ ಇನ್ನೊಂದು ಕೆಲಸ ಮಾಡಿಸಬೇಡಿ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ ಲೋಹದ ಚಾಸಿಗೆ (ಒಳಗಿನ ಚೌಕಟ್ಟು) ಸೇರಿರುತ್ತವೆ. ಆ ಮೂರನೇ ಪಿನ್ನೇ ಅರ್ಥ್. ಅದನ್ನು ಕಿತ್ತ ಮೇಲೆ ಒಳಗೆ ಎಲ್ಲಾದರೂ ಫೇಸ್ ತಾಗಿದರೆ, ಕರೆಂಟು ನಿಮ್ಮ ಕೈಯಿಂದ ತುಟಿಗೆ, ತುಟಿಯಿಂದ ಮೈಕಿಗೆ ಹರಿಯುತ್ತದೆ. ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ 1972ರಲ್ಲಿ ಸ್ವಾನ್ಸೀಯ ವೇದಿಕೆಯಲ್ಲೇ ಹೀಗೆ ಮೈಕಿನಿಂದ ಶಾಕ್ ಹೊಡೆದು ಸತ್ತರು. ಜುಮ್ ಅನ್ನುತ್ತಿದ್ದರೆ ಇವತ್ತೇ ನುಡಿಸುವುದು ನಿಲ್ಲಿಸಿ, ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿರುತ್ತದೆ, ಅದನ್ನೂ ನೋಡಿಸಿ. ಆಮೇಲೆ ಆಂಪ್, ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟು ತಗೊಳ್ಳಿ. ಗುಂಯ್ ಸದ್ದು ಹುಡುಕುವುದು ಅದಾದ ಮೇಲೆ. ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿದಾಗ ನಿಂತರೆ, ಅದು ಪಿಕಪ್ (ತಂತಿಯ ಕಂಪನ ಹಿಡಿಯುವ ಗಿಟಾರಿನ ಕಾಯಿಲ್) ಹಿಡಿದ ಸದ್ದು. ಟ್ಯೂಬ್‌ಲೈಟ್, ಇನ್ವರ್ಟರ್‌ನಿಂದ ದೂರ ಕೂತು ನೋಡಿ.

ಡಿಸ್ಟಾರ್ಷನ್ ಪೆಡಲನ್ನು ಹೋಮ್ ಥಿಯೇಟರ್‌ಗೆ ಹಾಕಿದರೆ ಜೇನುಹುಳದ ಸದ್ದು ಬರುತ್ತದೆ, ಯಾಕೆ?

ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್‌ನ ಮೇಲಿನದನ್ನು ನುಂಗಿಬಿಡುತ್ತದೆ, ನಿಮ್ಮ ಹೋಮ್ ಥಿಯೇಟರಿನ ಟ್ವೀಟರ್ (ತೀರಾ ಮೇಲಿನ ಸ್ವರದ ಸಣ್ಣ ಸ್ಪೀಕರ್) ನುಂಗುವುದಿಲ್ಲ. ನಡುವೆ ಗಿಟಾರ್ ಸ್ಪೀಕರನ್ನು ಅನುಕರಿಸುವ ಕ್ಯಾಬ್ ಸಿಮ್ಯುಲೇಟರ್ ಬೇಕು.

ಅಮೆರಿಕದಿಂದ ಭಾವ ಆಂಪ್ ತರುತ್ತಿದ್ದಾರೆ. ಪ್ಲಗ್ ಅಡಾಪ್ಟರ್ ಸಾಕಾ?

ಹಿಂದೆ 120 ವೋಲ್ಟ್ ಅಂತ ಮಾತ್ರ ಇದ್ದರೆ ಸಾಲದು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಿದರೆ ಹೊಗೆ ಬರುತ್ತದೆ.

ಚಿನ್ನದ ಲೇಪದ ಕೇಬಲ್?

ಸುಮ್ನೆ ದುಡ್ಡು ದಂಡ.

ನಮ್ಮದು ಆಗುಂಬೆ ಕಡೆ. ಮಳೆಗಾಲದಲ್ಲಿ ಆಂಪಿನ ನಾಬ್ ತಿರುಗಿಸಿದರೆ ಕರಕರ ಸದ್ದು. ನಾನೇ ಬಿಚ್ಚಿ ಎಣ್ಣೆ ಬಿಡಲಾ?

ಎಣ್ಣೆ ಬಿಟ್ಟರೆ ಧೂಳು ಅಂಟಿ ಇನ್ನೂ ಹಾಳು. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಬೇಕು, ಅದೂ ರಿಪೇರಿಯವರ ಕೈಯಲ್ಲಿ. ಟ್ಯೂಬ್ ಆಂಪ್ ಆದರೆ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ನಿಂತಿರಬಹುದು. ಪ್ಲಾಸ್ಟಿಕ್ ಸುತ್ತಿ ಇಡಬೇಡಿ, ತೇವ ಒಳಗೇ ಉಳಿಯುತ್ತದೆ. ಬಟ್ಟೆ ಮುಚ್ಚಿಡಿ, ವಾರಕ್ಕೆ ಎರಡು ಸಲ ಅರ್ಧ ಗಂಟೆ ನುಡಿಸಿ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ದೆ ಅಂತ ಹೇಳಿಕೊಂಡು ಸುಟ್ಟ ಆಂಪ್ ತರುವವರನ್ನು ಪ್ರತಿ ಮಳೆಗಾಲ ನೋಡುತ್ತೇನೆ.