ಕೊಲೆಸ್ಟ್ರಾಲ್ ನಾರ್ಮಲ್ ಇದ್ದರೂ ಸಿಟಿಎಕ್ಸ್ ಇರಬಹುದು

ತಮ್ಮನಿಗೆ 12ಕ್ಕೇ ಕಣ್ಣಿನ ಪೊರೆ, ಈಗ 24ಕ್ಕೆ ಹಿಮ್ಮಡಿಯ ಹಿಂದೆ ಗಂಟು. ಕೊಲೆಸ್ಟ್ರಾಲ್ ನಾರ್ಮಲ್ ಇರುವಾಗ ವೈದ್ಯರು ಸಿಟಿಎಕ್ಸ್ (ಸೆರೆಬ್ರೊಟೆಂಡಿನಸ್ ಕ್ಸಾಂಥೊಮಟೋಸಿಸ್, ದೇಹದಲ್ಲಿ ಕೊಬ್ಬು ಶೇಖರವಾಗುವ ಅಪರೂಪದ ವಂಶಪಾರಂಪರ್ಯ ಕಾಯಿಲೆ) ಅಂದದ್ದು ಸರಿಯಾ ಅಂತ ಕೇಳಿದ್ದೀರಿ. ವೈದ್ಯರ ಅನುಮಾನ ಸರಿಯಾಗೇ ಇದೆ. ಈ ಕಾಯಿಲೆಯಲ್ಲಿ ಕೊಲೆಸ್ಟ್ರಾಲ್ ಹೆಚ್ಚಾಗಿ ನಾರ್ಮಲ್ಲೇ ಇರುತ್ತದೆ. ಏರುವುದು ಕೊಲೆಸ್ಟನಾಲ್ ಎಂಬ, ಕೊಲೆಸ್ಟ್ರಾಲ್‌ನಂಥದೇ ಇನ್ನೊಂದು ಕೊಬ್ಬು, ಅದು ಮಾಮೂಲಿ ಲಿಪಿಡ್ ಟೆಸ್ಟ್‌ನಲ್ಲಿ ಕಾಣುವುದಿಲ್ಲ. ಬೇರೆಯಾಗಿ ಕೇಳಿ ಮಾಡಿಸಬೇಕು.

ಸಿವೈಪಿ27ಎ1 ಎಂಬ ಜೀನ್ ಕೆಟ್ಟಾಗ ಲಿವರ್ ಪಿತ್ತದ ಆಮ್ಲವನ್ನು ಸರಿಯಾಗಿ ತಯಾರಿಸುವುದಿಲ್ಲ. ಉಳಿದ ಕೊಬ್ಬು ಕಣ್ಣು, ಹಿಮ್ಮಡಿ, ಮಿದುಳು ಅಂತ ಹೋಗಿ ಕೂರುತ್ತದೆ. ಚಿಕ್ಕವನಿದ್ದಾಗ ಬಿಡದೆ ಭೇದಿ ಆಗುತ್ತಿತ್ತಾ? ಅಮ್ಮನನ್ನು ಕೇಳಿ ನೋಡಿ, ಅದೂ ಒಂದು ಸುಳಿವು.

ಸಮಾಧಾನದ ವಿಷಯ, ಇದಕ್ಕೆ ಮಾತ್ರೆ ಇದೆ: ಕೀನೊಡಿಆಕ್ಸಿಕೋಲಿಕ್ ಆಮ್ಲ. ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 750 ಮಿಲಿಗ್ರಾಂ, ವೈದ್ಯರ ನಿಗಾದಲ್ಲಿ. ನಡಿಗೆ ತೂರಾಡುವುದು, ಮರೆವು ಇವೆಲ್ಲ ಶುರುವಾಗುವ ಮೊದಲೇ ಹಿಡಿದರೆ ಲಾಭ ಜಾಸ್ತಿ. ಹಾಗಾಗಿ ಗಂಟು ತೆಗೆಸಲು ಸುಮ್ನೆ ಓಡಬೇಡಿ, ಮೊದಲು ನರರೋಗ ತಜ್ಞರು ಮತ್ತು ಜೆನೆಟಿಕ್ಸ್ ವಿಭಾಗ.

ತಮ್ಮನಿಗೆ ಖಚಿತವಾದರೆ ನೀವೂ ಟೆಸ್ಟ್ ಮಾಡಿಸಿಕೊಳ್ಳಿ. ಒಡಹುಟ್ಟಿದವರಿಗೆ 25% ಸಾಧ್ಯತೆ. ಅಪ್ಪ ಅಮ್ಮ ರಕ್ತಸಂಬಂಧಿಗಳಾಗಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ.